ಓದುಗರ ಪ್ರಶ್ನೆ: ‘ಇತ್ತೆಫಾಕ್’ ಇವತ್ತಿಗೂ ಯಾಕೆ ಹಿಡಿದು ಕೂರಿಸುತ್ತದೆ?

ಹಿಂದಿನ ಸಂಚಿಕೆಯಲ್ಲಿ ಹಳೆಯ ಕೊಲೆ ರಹಸ್ಯದ ಸಿನಿಮಾಗಳ ಬಗ್ಗೆ ಬರೆಯುತ್ತಾ 1969ರ ಹಿಂದಿ ಸಿನಿಮಾ ‘ಇತ್ತೆಫಾಕ್’ ಕಡಿಮೆ ಖರ್ಚಿನದು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇವೆ. ಹಾಗಾಗಿ ಈ ಸಲದ ಪೂರ್ತಿ ಜಾಗ ಅದಕ್ಕೇ. ಕೊಲೆ ಮಾಡಿದ್ದು ಯಾರು ಅನ್ನುವುದು ಒಂದು ಉತ್ತರದಲ್ಲಿ ಬರುತ್ತದೆ. ಅಲ್ಲಿ ಮೊದಲೇ ಎಚ್ಚರಿಕೆ ಕೊಟ್ಟಿದ್ದೇನೆ. ಸಿನಿಮಾ ನೋಡದವರು ದಯವಿಟ್ಟು ಅದೊಂದನ್ನು ಬಿಟ್ಟು ಓದಿ.

ಪ್ರಶ್ನೆ: ಸಿನಿಮಾ ನೋಡಿಲ್ಲ. ಕೊನೆ ಹೇಳದೆ ಕಥೆ ಹೇಳ್ತೀರಾ? ಚೋಪ್ರಾ ಅಂದರೆ ದೊಡ್ಡ ಬ್ಯಾನರ್ ಅಲ್ವಾ, ಅದನ್ನು ಕಡಿಮೆ ಖರ್ಚಿನ ಸಿನಿಮಾ ಅಂತ ಯಾಕೆ ಬರೆದಿರಿ?
– ದಾವಣಗೆರೆಯಿಂದ ಓದುಗರು

ದಿಲೀಪ್ ರಾಯ್ (ರಾಜೇಶ್ ಖನ್ನಾ) ಒಬ್ಬ ಚಿತ್ರಕಲಾವಿದ. ಹೆಂಡತಿ ಶ್ರೀಮಂತೆ. ಇಬ್ಬರಿಗೂ ಜಗಳ. ಸಿಟ್ಟಿನಲ್ಲಿ ಅವನು ಆಡಬಾರದ ಮಾತು ಆಡಿ ಮನೆಯಿಂದ ಹೊರಗೆ ಹೋಗುತ್ತಾನೆ. ಆಮೇಲೆ ಅವಳು ಹೆಣವಾಗಿ ಸಿಗುತ್ತಾಳೆ. ಎಲ್ಲರ ಬೆರಳೂ ಅವನ ಕಡೆಗೇ. ಕೋರ್ಟಿನಲ್ಲಿ ಅವನು ಕೂಗಾಡುವುದನ್ನು ನೋಡಿ, ಮನಸ್ಸು ಸ್ವಸ್ಥವಾಗಿದೆಯೋ ಇಲ್ಲವೋ ಪರೀಕ್ಷಿಸಲಿ ಎಂದು ಆಸ್ಪತ್ರೆಗೆ ಕಳಿಸುತ್ತಾರೆ. ಒಂದು ಮಳೆಯ ರಾತ್ರಿ ಅವನು ಅಲ್ಲಿಂದ ತಪ್ಪಿಸಿಕೊಂಡು ಒಂದು ಮನೆಗೆ ನುಗ್ಗುತ್ತಾನೆ. ಮನೆಯಲ್ಲಿ ರೇಖಾ (ನಂದಾ) ಒಬ್ಬಳೇ. ಗಂಡ ಊರಲ್ಲಿಲ್ಲ ಅನ್ನುತ್ತಾಳೆ. ಅವನು ಅವಳನ್ನು ಹೆದರಿಸಿ ಅಲ್ಲೇ ಉಳಿಯುತ್ತಾನೆ. ರಾತ್ರಿ ಸರಿದ ಹಾಗೆ ಭಯ ಸ್ವಲ್ಪ ಸಡಿಲವಾಗಿ ಇಬ್ಬರೂ ಮಾತಿಗೆ ಕೂರುತ್ತಾರೆ. ಆಗ ಅವನಿಗೆ ಬಚ್ಚಲುಮನೆಯಲ್ಲಿ ಒಂದು ಹೆಣ ಕಾಣುತ್ತದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಹೆಣ ಇಲ್ಲ. ನಾನು ನೋಡಿದ್ದು ನಿಜವೋ, ನನಗೆ ನಿಜವಾಗಿಯೂ ತಲೆ ಕೆಟ್ಟಿದೆಯೋ ಅನ್ನುವ ಅನುಮಾನ ಅವನಿಗೂ ಬರುತ್ತದೆ, ನೋಡುತ್ತಿರುವ ನಮಗೂ ಬರುತ್ತದೆ. ಇಷ್ಟು ಸಾಕು, ಮುಂದಿನದನ್ನು ನೀವೇ ನೋಡಿ.

ಇನ್ನು ಖರ್ಚಿನ ವಿಷಯ. ನಿರ್ಮಾಪಕ ಬಿ.ಆರ್. ಚೋಪ್ರಾ, ನಿರ್ದೇಶಕ ಅವರ ತಮ್ಮ ಯಶ್ ಚೋಪ್ರಾ. ಬ್ಯಾನರ್ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. 1965ರಲ್ಲಿ ‘ವಕ್ತ್’ ತರಹದ ದೊಡ್ಡ ತಾರಾಗಣದ, ಕಣ್ಣು ಕುಕ್ಕುವ ಸಿನಿಮಾ ಮಾಡಿದ್ದವರು ಇವರೇ. ಆದರೆ ‘ಇತ್ತೆಫಾಕ್’ ಹುಟ್ಟಿದ್ದು ಒಂದು ಬಿಡುವಿನಲ್ಲಿ. ಅವರು ಆಗ ‘ಆದ್ಮಿ ಔರ್ ಇನ್ಸಾನ್’ ಮಾಡುತ್ತಿದ್ದರು. ಅದರ ನಾಯಕಿ ಸಾಯಿರಾ ಬಾನು ಕಾಯಿಲೆ ಬಿದ್ದು ಚಿತ್ರೀಕರಣ ನಿಂತಿತು. ಇಡೀ ತಂಡ ಕೈ ಕಟ್ಟಿ ಕೂರಬೇಕಾದ ಪರಿಸ್ಥಿತಿ. ಆ ಸಮಯದಲ್ಲಿ ಒಂದು ಗುಜರಾತಿ ನಾಟಕ ಕಣ್ಣಿಗೆ ಬಿತ್ತು, ಇದನ್ನೇ ಬೇಗ ಮಾಡಿ ಮುಗಿಸೋಣ ಅಂತ ಹೊರಟರು. ಸುಮಾರು ಒಂದು ತಿಂಗಳಲ್ಲಿ ಚಿತ್ರೀಕರಣವೇ ಮುಗಿಯಿತು. ಆ ಕಾಲದ ಹಿಂದಿ ಸಿನಿಮಾಗಳು ವರ್ಷ, ಎರಡು ವರ್ಷ ಎಳೆಯುವುದು ಮಾಮೂಲಿಯಾಗಿತ್ತು.

ಹಾಗಂತ ಇದು ದುಡ್ಡಿಲ್ಲದೆ ಬಡಕಲಾದ ಸಿನಿಮಾ ಅಂತ ತಿಳಿಯಬೇಡಿ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಇದೇ: ಏನೇನು ಬಿಟ್ಟರೋ ಅದು ಯಾವುದೂ ಈ ಕಥೆಗೆ ಬೇಕಿರಲಿಲ್ಲ. ಕಾಶ್ಮೀರದ ಕಣಿವೆ ಬೇಕಿರಲಿಲ್ಲ. ಹತ್ತು ತರಹದ ಉಡುಪು ಬೇಕಿರಲಿಲ್ಲ. ನಗಿಸುವುದಕ್ಕೆಂದೇ ಒಂದು ಜೋಡಿ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಮನೆ, ಮಳೆ, ಇಬ್ಬರು ಒಳ್ಳೆಯ ಕಲಾವಿದರು, ಒಂದು ಹೆಣ. ದುಡ್ಡು ಕಡಿಮೆ ಅಂತ ಕಥೆಯನ್ನೇ ಕತ್ತರಿಸುವವರನ್ನು ಬೇಕಾದಷ್ಟು ನೋಡಿದ್ದೇವೆ. ಇಲ್ಲಿ ಕಥೆಯೇ ಅಷ್ಟು ಜಾಗದೊಳಗೆ ಹುಟ್ಟಿದ್ದು, ಅದಕ್ಕೇ ಇಕ್ಕಟ್ಟು ಅನ್ನಿಸುವುದಿಲ್ಲ.

ಪ್ರಶ್ನೆ: ಒಂದೂ ಹಾಡಿಲ್ಲವಂತೆ. ಆ ಕಾಲದಲ್ಲಿ ಹಾಡಿಲ್ಲದ ಸಿನಿಮಾವನ್ನು ಜನ ಹೇಗೆ ನೋಡಿದರು? ಹಾಡಿಲ್ಲದ ಮೊದಲ ಸಿನಿಮಾ ಇದೇನಾ?
– ಮೈಸೂರಿನ ಓದುಗರು

ಮೊದಲನೆಯದಲ್ಲ. 1937ರಲ್ಲೇ ಜೆ.ಬಿ.ಎಚ್. ವಾಡಿಯಾ ‘ನೌಜವಾನ್’ ಮಾಡಿದ್ದರು, ಅದರಲ್ಲಿ ಹಾಡಿರಲಿಲ್ಲ. 1954ರಲ್ಲಿ ಕೆ.ಎ. ಅಬ್ಬಾಸರ ‘ಮುನ್ನಾ’ ಬಂತು. 1960ರಲ್ಲಿ ಇದೇ ಬಿ.ಆರ್. ಚೋಪ್ರಾ ‘ಕಾನೂನ್’ ಮಾಡಿದರು. ಅದೂ ಕೊಲೆ ಕೇಸಿನ ಸಿನಿಮಾ, ಅದರಲ್ಲೂ ಹಾಡಿಲ್ಲ, ಅದರಲ್ಲೂ ನಂದಾ ಇದ್ದಾರೆ, ಅದಕ್ಕೂ ಹಿನ್ನೆಲೆ ಸಂಗೀತ ಸಲಿಲ್ ಚೌಧುರಿಯವರದೇ. ಅಂದರೆ ಈ ಮನೆಯವರಿಗೆ ಈ ಧೈರ್ಯ ಹೊಸದಾಗಿರಲಿಲ್ಲ.

ದಕ್ಷಿಣದಲ್ಲಿ 1954ರ ತಮಿಳು ಸಿನಿಮಾ ‘ಅಂದ ನಾಳ್’ ನೆನೆಯದೆ ಈ ಮಾತು ಮುಂದುವರಿಸಲು ನನಗೆ ಮನಸ್ಸಿಲ್ಲ. ನಿರ್ದೇಶಕ ವೀಣೆಯ ದೊಡ್ಡ ವಿದ್ವಾಂಸ ಎಸ್. ಬಾಲಚಂದರ್. ಸಂಗೀತವೇ ಉಸಿರಾದ ಮನುಷ್ಯ ಹಾಡೇ ಇಲ್ಲದ ಸಿನಿಮಾ ಮಾಡಿದರು, ನೋಡಿ! ಎವಿಎಂ ಸಂಸ್ಥೆ ಅದನ್ನು ನಿರ್ಮಿಸಿತು. ಎರಡನೇ ಮಹಾಯುದ್ಧದಲ್ಲಿ ಮದರಾಸಿನ ಮೇಲೆ ಜಪಾನಿನವರ ಬಾಂಬು ಬಿದ್ದ ಸಮಯ, ಒಬ್ಬ ರೇಡಿಯೋ ಎಂಜಿನಿಯರ್ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ, ಮನೆಯವರೂ ಪಕ್ಕದ ಮನೆಯವರೂ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಸತ್ತವನು ಶಿವಾಜಿ ಗಣೇಶನ್. ಹೆಂಡತಿ ನಮ್ಮ ಭಟ್ಕಳದ ಪಂಡರಿಬಾಯಿ. ಅದೇ 1954ರಲ್ಲಿ ಅವರು ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಎದುರು ನಟಿಸಿದ್ದರು. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಆ ಕಲಾವಿದೆಯ ಅಳತೆ ತಿಳಿಯುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಾಡು ಬಿಟ್ಟರೆ ಮಾಡುವ ಖರ್ಚು ಉಳಿಯುತ್ತದೆ, ಆದರೆ ಮಾರುವ ದಾರಿಯೂ ಹೋಗುತ್ತದೆ. ಆಗ ದೆಹಲಿ ಬಿಟ್ಟರೆ ಬೇರೆಲ್ಲೂ ಟೀವಿ ಇಲ್ಲ. ಒಂದು ಸಿನಿಮಾ ಬರುತ್ತಿದೆ ಅಂತ ಊರೂರಿಗೆ ಸುದ್ದಿ ತಲುಪಿಸುತ್ತಿದ್ದದ್ದು ರೇಡಿಯೋ. ವಿವಿಧ ಭಾರತಿ, ಸಿಲೋನ್ ರೇಡಿಯೋದಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ, ಎಲ್ಲದಕ್ಕೂ ಹಾಡೇ ಬಂಡವಾಳ. ಗ್ರಾಮಫೋನ್ ಪ್ಲೇಟಿನಿಂದ ಬರುವ ದುಡ್ಡು ಬೇರೆ. ಹಾಡಿಲ್ಲ ಅಂದರೆ ಇದೆಲ್ಲಾ ಸೊನ್ನೆ. ಅದೇ ವರ್ಷ ಅದೇ ರಾಜೇಶ್ ಖನ್ನಾ ‘ಆರಾಧನಾ’ದಲ್ಲಿ ಬಂದು ದೇಶಕ್ಕೆ ದೇಶವೇ ಹುಚ್ಚೆದ್ದಿತು, ಅದರಲ್ಲಿ ಹಾಡುಗಳ ಪಾಲು ಎಷ್ಟು ಅಂತ ನಿಮಗೇ ಗೊತ್ತು. ಅದೇ ಮುಖ ಇಲ್ಲಿ ಕೆದರಿದ ಕೂದಲು, ಬೋಳಿಸದ ಗಡ್ಡ, ಬೆದರಿದ ಕಣ್ಣು. ಒಂದು ಸಾಲೂ ಹಾಡುವುದಿಲ್ಲ. ಆದರೂ ಸಿನಿಮಾ ನಿಂತಿತು. ಯಶ್ ಚೋಪ್ರಾಗೆ ಇದಕ್ಕೆ ಫಿಲ್ಮ್‌ಫೇರ್ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು. ಮುಂದೆ ಇಡೀ ದೇಶ ಅವರನ್ನು ಪ್ರೇಮಕಥೆಗಳ ನಿರ್ದೇಶಕ ಅಂತಲೇ ಕರೆಯಿತು. ಹಾಡಿನ ಚಿತ್ರೀಕರಣಕ್ಕೇ ಹೆಸರಾದವರು ಒಂದೂ ಹಾಡಿಲ್ಲದೆ ಇಂಥದ್ದನ್ನು ಮಾಡಿದ್ದರು ಅಂತ ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಪ್ರಶ್ನೆ: (ನೋಡದವರು ಇದನ್ನು ಬಿಟ್ಟುಬಿಡಿ, ಗುಟ್ಟು ಇಲ್ಲಿದೆ.) ನನಗೆ ಒಂದು ತಪ್ಪು ಕಾಣುತ್ತದೆ. ಅಪರಿಚಿತ ಮನೆಗೆ ನುಗ್ಗಿದ್ದಾನೆ, ರೇಖಾ ಹೇಗಾದರೂ ಮಾಡಿ ಪೊಲೀಸರನ್ನು ಒಳಗೆ ಕರೆಯಬೇಕಲ್ಲವೇ? ಅವಳು ಅವನ ಜೊತೆ ಮಾತಾಡುತ್ತಾ ಕೂರುವುದು ನಂಬುವ ಹಾಗಿದೆಯೇ?
– ಹುಬ್ಬಳ್ಳಿಯ ಓದುಗರು

ನೀವು ತಪ್ಪು ಅಂದಿದ್ದೇ ಸಿನಿಮಾದ ಜೀವ. ಬಚ್ಚಲಲ್ಲಿರುವ ಹೆಣ ಅವಳ ಗಂಡನದು. ಅವಳೂ, ಅವಳ ಪ್ರಿಯಕರ ಇನ್ಸ್‌ಪೆಕ್ಟರ್ ದಿವಾನ್ (ಸುಜಿತ್ ಕುಮಾರ್) ಕೂಡ ಅದರಲ್ಲಿ ಭಾಗಿ. ಹೆಣ ಮನೆಯಲ್ಲೇ ಇಟ್ಟುಕೊಂಡವಳು ಪೊಲೀಸರನ್ನು ಒಳಗೆ ಕರೆಯುವುದು ಹೇಗೆ? ಹೆಂಡತಿಯನ್ನು ಕೊಂದ ಹುಚ್ಚ ಅಂತ ಊರೆಲ್ಲಾ ನಂಬಿರುವ ಒಬ್ಬ ಮನುಷ್ಯ ತಾನಾಗಿ ಬಾಗಿಲಿಗೆ ಬಂದಿದ್ದಾನೆ. ತಪ್ಪನ್ನು ಹೊರಿಸಲು ಅವಳಿಗೆ ಅವನಿಗಿಂತ ಒಳ್ಳೆಯ ಹೆಗಲು ಸಿಗುವುದಿಲ್ಲ.

ಮೊದಲ ಸಲ ನೋಡುವಾಗ ನಮಗೆ ಅವಳ ನಡುಕ ಭಯದ ನಡುಕ ಅನ್ನಿಸುತ್ತದೆ. ಎರಡನೇ ಸಲ ನೋಡಿ. ಅದೇ ನಡುಕ, ಅದೇ ಮುಖ. ಆದರೆ ಅವಳು ಹೆದರುತ್ತಿರುವುದು ಅವನಿಗಲ್ಲ. ಅವನು ಯಾವ ಬಾಗಿಲು ತೆಗೆಯುತ್ತಾನೋ ಅನ್ನುವುದಕ್ಕೆ. ನಂದಾ ಒಂದೇ ಅಭಿನಯದಲ್ಲಿ ಎರಡೂ ಅರ್ಥ ನಿಲ್ಲುವ ಹಾಗೆ ಮಾಡಿದ್ದಾರೆ. ಸುಳ್ಳು ಸುಳಿವು ಕೊಟ್ಟು ಕೊನೆಗೆ ಎಲ್ಲಿಂದಲೋ ಒಬ್ಬ ಕೊಲೆಗಾರನನ್ನು ಎಳೆದು ತರುವ ಸಿನಿಮಾ ನನಗೆ ಆಗಿ ಬರುವುದಿಲ್ಲ. ಇದು ಹಾಗಲ್ಲ. ಎಲ್ಲವನ್ನೂ ನಮ್ಮ ಕಣ್ಣೆದುರೇ ಇಡುತ್ತದೆ, ನಾವೇ ನೋಡುವುದಿಲ್ಲ.

ಯಾಕೆ ನೋಡುವುದಿಲ್ಲ ಅನ್ನುವುದಕ್ಕೆ ನಂದಾ ಅವರ ಹಿಂದಿನ ಪಾತ್ರಗಳೂ ಕಾರಣ. ಮರಾಠಿ ಚಿತ್ರರಂಗದ ಮಾಸ್ಟರ್ ವಿನಾಯಕ್ ಅವರ ಮಗಳು. ಬಾಲನಟಿಯಾಗಿ ಬಂದವರು. 1959ರ ‘ಛೋಟಿ ಬಹನ್’ ಆದ ಮೇಲೆ ಹಿಂದಿ ಪ್ರೇಕ್ಷಕರಿಗೆ ಅವರು ತಂಗಿ ಅಂದರೆ ತಂಗಿ. ಸೌಮ್ಯ ಮುಖ, ತ್ಯಾಗದ ಪಾತ್ರ, ಕಣ್ಣೀರು. ಅಂಥ ಮುಖವನ್ನು ಹತ್ತು ವರ್ಷ ನಂಬಿದ ಪ್ರೇಕ್ಷಕ, ಗಡ್ಡ ಬಿಟ್ಟ ಹುಚ್ಚನನ್ನು ಅನುಮಾನಿಸುತ್ತಾನೆಯೇ ಹೊರತು ಅವರನ್ನಲ್ಲ. ಪಾತ್ರಕ್ಕೆ ಅವರನ್ನು ಆರಿಸಿದಾಗಲೇ ಅರ್ಧ ಗುಟ್ಟು ಮುಚ್ಚಿಟ್ಟ ಹಾಗಾಯಿತು, ಅದಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಇವತ್ತಿನವರು ನಂದಾರನ್ನು ಮೊದಲ ಸಲ ಈ ಸಿನಿಮಾದಲ್ಲೇ ನೋಡಿದರೆ ಈ ಪೆಟ್ಟು ಪೂರ್ತಿ ತಾಗುವುದಿಲ್ಲ, ಅದೊಂದು ನಷ್ಟ. ಸಾಧ್ಯವಾದರೆ ಅವರ ಒಂದೆರಡು ಹಳೆಯ ಸಿನಿಮಾ ನೋಡಿ ಆಮೇಲೆ ಇದಕ್ಕೆ ಬನ್ನಿ.

ದಿಲೀಪನ ಹೆಂಡತಿಯನ್ನು ಕೊಂದವರು ಯಾರು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಚ್ಚರಿಕೆ ಕೊಟ್ಟಮೇಲೂ ಓದಿದವರಿಗೆ ಏನಾದರೂ ಉಳಿಯಬೇಕಲ್ಲ.

ಪ್ರಶ್ನೆ: ನಾನು ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡಿಗ. ಇದು ಇಂಗ್ಲಿಷ್‌ನಿಂದ ಕದ್ದದ್ದು ಅಂತ ಇಲ್ಲಿ ಕೆಲವರು, ಗುಜರಾತಿ ನಾಟಕ ಅಂತ ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ?

ಎರಡೂ. ಮೂಲ ಮಾಂಟಿ ಡಾಯ್ಲ್ ಬರೆದ ‘ಸೈನ್‌ಪೋಸ್ಟ್ ಟು ಮರ್ಡರ್’ ಎಂಬ ಇಂಗ್ಲಿಷ್ ನಾಟಕ. 1964ರಲ್ಲಿ ಹಾಲಿವುಡ್‌ನಲ್ಲಿ ಅದು ಸಿನಿಮಾ ಆಯಿತು, ಜೋನ್ ವುಡ್‌ವರ್ಡ್ ನಾಯಕಿ. ಇತ್ತ ಮುಂಬೈ ಗುಜರಾತಿ ರಂಗಭೂಮಿಯ ಪ್ರವೀಣ್ ಜೋಶಿ ಅದನ್ನು ‘ಧುಮ್ಮಸ್’ ಅಂತ ರಂಗಕ್ಕೆ ತಂದರು. ಚೋಪ್ರಾ ಸಹೋದರರ ಕಣ್ಣಿಗೆ ಬಿದ್ದದ್ದು ಆ ನಾಟಕ. ನೀವು ಇರುವ ಕಡೆ ನಾಟಕ ನೋಡುವ ಹಳಬರು ಇರುತ್ತಾರೆ, ಪ್ರವೀಣ್ ಜೋಶಿ ಹೆಸರು ಹೇಳಿ ನೋಡಿ, ಅರ್ಧ ಗಂಟೆ ಮಾತು ಗ್ಯಾರಂಟಿ.

ನಾಟಕದಿಂದ ಬಂದದ್ದು ಎಂಬುದು ಸಿನಿಮಾ ನೋಡಿದರೇ ತಿಳಿಯುತ್ತದೆ. ಜಾಗ ಬದಲಾಗುವುದು ಕಡಿಮೆ, ಪಾತ್ರಗಳು ಬೆರಳೆಣಿಕೆ, ಎಲ್ಲಾ ಮಾತಿನಲ್ಲೇ. ಅಲ್ಲಲ್ಲಿ ಮಾತು ಜಾಸ್ತಿ ಆಯಿತು ಅಂತ ನನಗೂ ಅನ್ನಿಸಿದೆ. ಶುರುವಿನಲ್ಲಿ ರಾಜೇಶ್ ಖನ್ನಾ ಕೂಗಾಟ ರಂಗದ ಮೇಲಿನ ಕೂಗಾಟವೇ, ಕ್ಯಾಮೆರಾ ಅಷ್ಟು ಹತ್ತಿರ ಇರುವಾಗ ಅಷ್ಟು ಬೇಕಿರಲಿಲ್ಲ. ಮನೆಯೊಳಗೆ ಬಂದಮೇಲೆ ಆತ ತಣ್ಣಗಾಗುತ್ತಾರೆ, ಅಲ್ಲಿಂದ ಅಭಿನಯ ಚೆನ್ನಾಗಿದೆ. ಪೊಲೀಸ್ ಅಧಿಕಾರಿ ಕರ್ವೆಯಾಗಿ ಇಫ್ತೆಕಾರ್ ಇದ್ದಾರೆ. ಹಿಂದಿ ಸಿನಿಮಾದಲ್ಲಿ ಎಷ್ಟೋ ಸಲ ಪೊಲೀಸ್ ಆದವರು ಅವರು. ಆದರೆ ಇಲ್ಲಿ ಅವರಿಗೆ ನಿಜವಾದ ಕೆಲಸ ಇದೆ: ಸುಮ್ನೆ ಓಡಾಡುವುದಿಲ್ಲ, ಯೋಚಿಸುತ್ತಾರೆ.

ಪ್ರಶ್ನೆ: ಆರೋಪಿಯನ್ನು ಕೋರ್ಟು ಹಾಗೆ ಮಾನಸಿಕ ಆಸ್ಪತ್ರೆಗೆ ಕಳಿಸುವುದು ನಿಜವೇ, ಸಿನಿಮಾ ಕಲ್ಪನೆಯೇ?
– ತುಮಕೂರಿನ ಕಾನೂನು ವಿದ್ಯಾರ್ಥಿನಿ

ನಿಜ. ಆರೋಪಿಗೆ ತನ್ನ ಪರ ವಾದ ನಡೆಸುವಷ್ಟು ಮನಸ್ಸು ಸ್ಥಿಮಿತದಲ್ಲಿಲ್ಲ ಅನ್ನಿಸಿದರೆ ವೈದ್ಯರಿಂದ ಪರೀಕ್ಷೆ ಮಾಡಿಸುವ ವ್ಯವಸ್ಥೆ ಬ್ರಿಟಿಷರ ಕಾಲದ ದಂಡ ಪ್ರಕ್ರಿಯೆ ಕಾನೂನಿನಲ್ಲೂ ಇತ್ತು, 1973ರ ಸಂಹಿತೆಯಲ್ಲೂ ಇತ್ತು, ಈಗಿನ ಹೊಸ ಕಾನೂನಿನಲ್ಲೂ ಇದೆ. ಕೃತ್ಯ ಮಾಡುವಾಗ ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯದ ಸ್ಥಿತಿಯಲ್ಲಿದ್ದರೆ ಅದು ಅಪರಾಧವಲ್ಲ ಅನ್ನುವುದು ಬೇರೆ ವಿಷಯ. ಅದು ಹಳೆಯ ದಂಡ ಸಂಹಿತೆಯ 84ನೇ ಸೆಕ್ಷನ್, ನೀವು ಓದಿಯೇ ಇರುತ್ತೀರಿ. ಇವೆರಡನ್ನೂ ಬೆರೆಸಬಾರದು, ಸಿನಿಮಾಗಳು ಬೆರೆಸಿಬಿಡುತ್ತವೆ.

ಇನ್ನೊಂದು ಮಾತು ಹೇಳಲೇಬೇಕು. ಆಸ್ಪತ್ರೆಯಿಂದ ತಪ್ಪಿಸಿಕೊಂಡವನು ಅಂದರೆ ಅಪಾಯಕಾರಿ ಅನ್ನುವ ಭಯವನ್ನೇ ಸಿನಿಮಾ ಬಳಸಿಕೊಳ್ಳುತ್ತದೆ. ಇವತ್ತು ನೋಡುವಾಗ ಅದು ಚುಚ್ಚುತ್ತದೆ. ಮಾನಸಿಕ ಕಾಯಿಲೆ ಇದ್ದವರನ್ನು ಕಂಡರೆ ಕೊಲೆಗಾರರನ್ನು ಕಂಡ ಹಾಗೆ ದೂರ ಸರಿಯುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಆದರೆ ಈ ಸಿನಿಮಾ ಕೊನೆಗೆ ಆ ಭಯವನ್ನೇ ತಪ್ಪು ಅಂತ ತೋರಿಸುತ್ತದೆ, ಹುಚ್ಚ ಅಂತ ಎಲ್ಲರೂ ಕರೆದವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟರಮಟ್ಟಿಗೆ ನಾನು ಇದರ ಪರ.

ಪ್ರಶ್ನೆ: ನಾವು ಶಿರಸಿಯ ಕಾಲೇಜು ಹುಡುಗರು. ಅಜ್ಜನ ಮನೆ ಇದೆ, ಮಳೆಗಾಲ ಇದೆ, ಮೊಬೈಲ್ ಕ್ಯಾಮೆರಾ ಇದೆ. ಹೀಗೇ ಒಂದು ಕಿರುಚಿತ್ರ ಮಾಡಬೇಕು ಅಂತಿದ್ದೇವೆ. ಏನು ಗಮನಿಸಬೇಕು?

ಮಾಡಿ, ಖಂಡಿತ ಮಾಡಿ. ಮೊದಲು ‘ಇತ್ತೆಫಾಕ್’ ಅನ್ನು ಒಂದು ಸಲ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಮಳೆ, ಗುಡುಗು, ಹೆಜ್ಜೆ, ಬಾಗಿಲು, ನಡುನಡುವೆ ಏನೂ ಸದ್ದಿಲ್ಲದ ಹೊತ್ತು. ಶಬ್ದಗ್ರಹಣಕ್ಕೆ ಎಂ.ಎ. ಶೇಖ್ ಅವರಿಗೆ ಫಿಲ್ಮ್‌ಫೇರ್ ಬಂದದ್ದು ಸುಮ್ನೆ ಅಲ್ಲ. ಸಲಿಲ್ ಚೌಧುರಿ ‘ಮಧುಮತಿ’ಯಂಥ ಹಾಡು ಕೊಟ್ಟವರು, ಇಲ್ಲಿ ಹಿನ್ನೆಲೆಗೆ ಎಷ್ಟು ಬೇಕೋ ಅಷ್ಟೇ ಕೊಟ್ಟು ಸುಮ್ಮನಾಗಿದ್ದಾರೆ.

ನಿಮ್ಮ ಊರಿನ ನಿಜವಾದ ಮಳೆಯನ್ನು ನಂಬಿ ಚಿತ್ರೀಕರಣಕ್ಕೆ ಇಳಿಯಬೇಡಿ. ಬೇಕಾದಾಗ ನಿಲ್ಲುತ್ತದೆ, ಬೇಡವಾದಾಗ ಹೆಂಚಿನ ಮೇಲೆ ಹೊಡೆದು ಒಂದು ಮಾತೂ ಕೇಳದ ಹಾಗೆ ಮಾಡುತ್ತದೆ. ಮಳೆಯ ಸದ್ದನ್ನು ಬೇರೆಯಾಗಿ ಧಾರಾಳವಾಗಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಮನೆಯೊಳಗಿನ ದೃಶ್ಯವನ್ನು ಮಳೆ ಇಲ್ಲದ ರಾತ್ರಿ ತೆಗೆಯಿರಿ, ಕಿಟಕಿಯ ಹೊರಗೆ ಒಬ್ಬ ಪೈಪ್ ಹಿಡಿದು ನಿಂತರೆ ಗಾಜಿನ ಮೇಲೆ ನೀರು ಇಳಿಯುತ್ತದೆ. ಒಳಗೆ ಬಂದವನ ಬಟ್ಟೆ ಒದ್ದೆಯಾಗಿದ್ದರೆ ಮುಂದಿನ ಶಾಟಿನಲ್ಲೂ ಅಷ್ಟೇ ಒದ್ದೆ ಇರಬೇಕು. ಹುಡುಗರು ತಪ್ಪುವುದು ಇಲ್ಲೇ. ಪ್ರತಿ ಶಾಟ್ ಮುಗಿದಾಗ ಒಂದು ಫೋಟೋ ತೆಗೆದಿಡಿ.

ಮನೆಯ ನಕ್ಷೆ ನೋಡುವವರ ತಲೆಗೆ ಮೊದಲ ಕೆಲವು ನಿಮಿಷದಲ್ಲೇ ಹೋಗಬೇಕು. ಜಗಲಿ ಎಲ್ಲಿ, ಮೆಟ್ಟಿಲು ಎಲ್ಲಿ, ಬಚ್ಚಲು ಎಲ್ಲಿ. ಅದು ಗೊತ್ತಿದ್ದರೆ ತಾನೇ ಬಚ್ಚಲ ಕಡೆಯಿಂದ ಸದ್ದು ಬಂದಾಗ ಎದೆ ಹೊಡೆದುಕೊಳ್ಳುವುದು? ಕಥೆ ಬರೆಯುವಾಗ ಕೊನೆಯಿಂದ ಬರೆಯಿರಿ. ಕೊಲೆಗಾರರು ಯಾರು ಅಂತ ತೀರ್ಮಾನವಾದ ಮೇಲೆ, ಅವರ ಒಂದೊಂದು ಮಾತಿಗೂ ಎರಡೆರಡು ಅರ್ಥ ಬರುತ್ತದಾ ಅಂತ ಪರೀಕ್ಷೆ ಮಾಡಿ. ಬರದಿದ್ದರೆ ಮಾತು ಬದಲಿಸಿ.

ಪ್ರಶ್ನೆ: 2017ರಲ್ಲಿ ಇದೇ ಹೆಸರಿನ ಸಿನಿಮಾ ಬಂತಲ್ಲ, ಅದು ಹೇಗಿದೆ?
– ಬೆಂಗಳೂರಿನ ಓದುಗರು

ಬಿ.ಆರ್. ಚೋಪ್ರಾ ಅವರ ಮೊಮ್ಮಗ ಅಭಯ್ ಚೋಪ್ರಾ ನಿರ್ದೇಶಕ. ಅದೂ ಕಥೆಯೊಳಗೆ ಹಾಡಿಲ್ಲದ ಸಿನಿಮಾ. ಹಳೆಯದರ ಎಳೆ ಹಿಡಿದು ಕಥೆಯನ್ನು ಬೇರೆ ಕಡೆ ತಿರುಗಿಸಿದ್ದಾರೆ, ಹಾಗಾಗಿ ಹಳೆಯದನ್ನು ನೋಡಿದವರಿಗೂ ಕೊನೆ ಗೊತ್ತಾಗುವುದಿಲ್ಲ. ಅಕ್ಷಯ್ ಖನ್ನಾ ಪೊಲೀಸ್ ಅಧಿಕಾರಿಯಾಗಿ ಬಹಳ ಚೆನ್ನಾಗಿದ್ದಾರೆ. ನನಗೆ ಹಳೆಯದೇ ಇಷ್ಟ.

ಪ್ರಶ್ನೆ: ಕನ್ನಡದಲ್ಲಿ ಇಂಥದ್ದು ಇಲ್ಲವೇ?
– ಹಾಸನ, ಶಿವಮೊಗ್ಗ, ಇನ್ನೂ ಹಲವು ಕಡೆಯ ಓದುಗರು

ಇಲ್ಲದೆ ಏನು! 1978ರ ‘ಅಪರಿಚಿತ’ ನೋಡಿ. ನಿರ್ದೇಶಕ ಕಾಶಿನಾಥ್, ಮುಖ್ಯ ಪಾತ್ರಗಳಲ್ಲಿ ಸುರೇಶ್ ಹೆಬ್ಳೀಕರ್ ಮತ್ತು ಶೋಭಾ. ದೊಡ್ಡ ತಾರೆಯರಿಲ್ಲ, ದೊಡ್ಡ ಸೆಟ್ಟಿಲ್ಲ. ಕಾಶಿನಾಥ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆಮೇಲಿನ ‘ಅನುಭವ’ ತರಹದ ಸಿನಿಮಾಗಳು. ಆದರೆ ಕಡಿಮೆ ಖರ್ಚಿನಲ್ಲಿ ಕುತೂಹಲ ಕಟ್ಟುವುದು ಹೇಗೆ ಅಂತ ಅವರಿಗೆ ಅಷ್ಟು ಮುಂಚೆಯೇ ಗೊತ್ತಿತ್ತು. ಇದನ್ನೇ ಅವರು 1981ರಲ್ಲಿ ಹಿಂದಿಯಲ್ಲಿ ‘ಬೇಶಕ್’ ಅಂತ ಮಿಥುನ್ ಚಕ್ರವರ್ತಿಯವರನ್ನು ಹಾಕಿಕೊಂಡು ಮತ್ತೆ ಮಾಡಿದರು. ಸಾಮಾನ್ಯವಾಗಿ ಅಲ್ಲಿಂದ ಇಲ್ಲಿಗೆ ಬರುತ್ತದೆ, ಇದು ಇಲ್ಲಿಂದ ಅಲ್ಲಿಗೆ ಹೋದದ್ದು.

‘ಅಪರಿಚಿತ’ದಲ್ಲಿ ಹಾಡುಗಳಿವೆ. ಎಲ್. ವೈದ್ಯನಾಥನ್ ಸಂಗೀತ. ‘ಸವಿ ನೆನಪುಗಳು ಬೇಕು’ ಹಾಡನ್ನು ವಾಣಿ ಜಯರಾಂ ಹಾಡಿದ್ದು ಈ ಸಿನಿಮಾಕ್ಕೇ. ಹಾಡು ಗೊತ್ತಿರುವ ನೂರು ಜನರಲ್ಲಿ ಎಷ್ಟು ಜನಕ್ಕೆ ಅದು ಒಂದು ಕೊಲೆ ರಹಸ್ಯದ ಸಿನಿಮಾದ ಹಾಡು ಅಂತ ಗೊತ್ತು? ಹಾಡು ಉಳಿಯಿತು, ಸಿನಿಮಾವನ್ನು ನಾವು ಮರೆತೆವು. ಇದು ನನಗೆ ನಿಜವಾಗಿ ಬೇಸರದ ವಿಷಯ. ಹಿಂದಿಯವರು ‘ಇತ್ತೆಫಾಕ್’ ಅನ್ನು ಐವತ್ತು ವರ್ಷದಿಂದ ಮಾತಾಡುತ್ತಾ ಬಂದಿದ್ದಾರೆ, ನಾವು ನಮ್ಮದರ ಬಗ್ಗೆ ಅಷ್ಟು ಮಾತಾಡಲೇ ಇಲ್ಲ. ‘ಅಪರಿಚಿತ’ವನ್ನು ಬಿಡುಗಡೆಯಾದಾಗ ಟಾಕೀಸಿನಲ್ಲಿ ನೋಡಿದವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಬರೆದು ಕಳಿಸಿ: ಯಾವ ಊರು, ಯಾವ ಟಾಕೀಸು, ಕೊನೆಯ ದೃಶ್ಯ ಬಂದಾಗ ಜನ ಹೇಗಿದ್ದರು. ಮುಂದಿನ ಸಂಚಿಕೆಯ ಜಾಗ ಆ ಪತ್ರಗಳಿಗೆ.